ಫ್ಲೆಕ್ಸ್ ಕಟ್ಟಿದ್ದೆ, ಫಾರಂ ಕೊಟ್ಟಿರಲಿಲ್ಲ

ನನ್ನ ಮೊದಲ ಕೆಲಸಕ್ಕೆ ಸಂಬಳ ಇರಲಿಲ್ಲ. ಇಂಟರ್‌ವ್ಯೂ ಕೂಡ ಇರಲಿಲ್ಲ. ಕೊರಳಿಗೆ ಒಂದು ಶಾಲು ಹಾಕಿದರು, ಫೋಟೋ ತೆಗೆದರು, ಅಷ್ಟೇ. 2023ರ ವಿಧಾನಸಭೆ ಚುನಾವಣೆಗೆ ಮೂರ್ನಾಲ್ಕು ತಿಂಗಳು ಇರುವಾಗ ನಾನು ನಮ್ಮೂರಲ್ಲಿ ಒಂದು ಪಕ್ಷದ ಕಾರ್ಯಕರ್ತನಾದೆ. ಊರು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿದೆ. ಪಕ್ಷ ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನ ಇಲ್ಲೇ ಎದ್ದು ಹೋಗುತ್ತಾರೆ, ಇನ್ನರ್ಧ ಜನ ಜಗಳಕ್ಕೆ ಬರುತ್ತಾರೆ.

ಆಗ ಡಿಗ್ರಿ ಮುಗಿದಿತ್ತು, ಕೈಯಲ್ಲಿ ಕೆಲಸ ಇರಲಿಲ್ಲ. ಮನೆಯಲ್ಲಿ ಕೂತರೆ ಅಪ್ಪ ತೋಟಕ್ಕೆ ನೀರು ಬಿಡು ಅನ್ನುತ್ತಿದ್ದರು. ಪಕ್ಷದ ಆಫೀಸಿಗೆ ಹೋದರೆ ಟೀ ಸಿಗುತ್ತಿತ್ತು, ನಾಲ್ಕು ಜನ ‘ಏನ್ ತಮ್ಮಾ’ ಅಂತ ಮಾತಾಡಿಸುತ್ತಿದ್ದರು. ಸಿದ್ಧಾಂತ ಗಿದ್ಧಾಂತ ಎಲ್ಲ ಆಮೇಲೆ ಬಂತು. ನಿಜ ಹೇಳಬೇಕು ಅಲ್ವಾ.

ಮೊದಲ ದಿನವೇ ನಮ್ಮ ಹೋಬಳಿ ನೋಡಿಕೊಳ್ಳುತ್ತಿದ್ದ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. ‘ನಿಮ್ ಬೂತಲ್ಲಿ ಲೀಡ್ ಎಷ್ಟು ಕೊಡ್ತೀಯ?’ ನಾನು ಸುಮ್ನೆ ಬಾಯಿಗೆ ಬಂದದ್ದು ಹೇಳಿದೆ. ‘ನೂರೈವತ್ತು ಅಣ್ಣ.’ ಅವರು ಒಂದು ಪುಸ್ತಕದಲ್ಲಿ 150 ಅಂತ ಬರೆದುಕೊಂಡರು. ನನಗೆ ನಮ್ಮ ಬೂತಲ್ಲಿ ಒಟ್ಟು ಎಷ್ಟು ಮತದಾರರಿದ್ದಾರೆ ಅನ್ನೋದೂ ಗೊತ್ತಿರಲಿಲ್ಲ.

ಆಮೇಲೆ ವೋಟರ್ ಲಿಸ್ಟಿನ ಜೆರಾಕ್ಸ್ ಕೊಟ್ಟರು. ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು. ‘ಮನೆ ಮನೆಗೆ ಹೋಗಿ ಟಿಕ್ ಹಾಕು. ಸತ್ತವರು, ಊರು ಬಿಟ್ಟವರು, ಹೊಸದಾಗಿ ಬಂದವರು, ಎಲ್ಲ ಬೇರೆ ಬೇರೆ ಬರಿ’ ಅಂದರು. ಎರಡು ಬೀದಿ ಮಾಡಿದೆ, ಬೇಜಾರಾಯಿತು. ಬಿಸಿಲಲ್ಲಿ ಮನೆ ಮುಂದೆ ನಿಂತು ‘ಅಜ್ಜಿ, ನಿಮ್ ಮೊಮ್ಮಗ ಇಲ್ಲೇ ಇದ್ದಾನಾ, ಬೆಂಗಳೂರಾ?’ ಅಂತ ಕೇಳುವುದು ರಾಜಕೀಯ ಅಂತ ನನಗೆ ಅನಿಸಲೇ ಇಲ್ಲ. ಬೈಕ್ ರ‍್ಯಾಲಿ ರಾಜಕೀಯ. ರಾತ್ರಿ ಹನ್ನೊಂದಕ್ಕೆ ಸರ್ಕಲ್ಲಿನ ಕಂಬ ಹತ್ತಿ ಫ್ಲೆಕ್ಸ್ ಕಟ್ಟುವುದು ರಾಜಕೀಯ. ಅದರಲ್ಲಿ ಕೆಳಗಡೆ ಸಾಲಿನಲ್ಲಿ ನನ್ನದೂ ಒಂದು ಸ್ಟಾಂಪ್ ಸೈಜಿನ ಮುಖ ಇತ್ತು. ಅಮ್ಮ ಅದನ್ನು ನೋಡೋಕೆ ಅಂತಲೇ ಸಂತೆ ದಿನ ಆ ದಾರಿಯಲ್ಲಿ ಹೋದರು.

ಆ ಎರಡು ಬೀದಿ ಸುತ್ತುವಾಗಲೇ ಒಂದು ಮನೆಯಲ್ಲಿ ಹೊಸ ಸೊಸೆ ಇದ್ದರು. ಮದುವೆಯಾಗಿ ಏಳೆಂಟು ತಿಂಗಳು, ತವರು ಕಡೂರು ಕಡೆ. ಅವರ ವೋಟು ಇನ್ನೂ ಅಲ್ಲೇ ಇತ್ತು. ಅತ್ತೆ ಕೇಳಿದರು, ‘ಇವಳ ಹೆಸರು ಇಲ್ಲಿಗೆ ಹಾಕ್ಸೋಕೆ ಏನ್ ಮಾಡ್ಬೇಕಪ್ಪಾ?’ ನಾನು ದೊಡ್ಡ ಮನುಷ್ಯನ ಥರ, ‘ಬಿಡಿ ಅತ್ತೆ, ನಾನ್ ಮಾಡಿಸ್ತೀನಿ’ ಅಂದೆ. ಸೊಸೆ ಒಳಗೆ ಹೋಗಿ ಆಧಾರ್ ಜೆರಾಕ್ಸು, ಹಳೇ ವೋಟರ್ ಐಡಿ ಜೆರಾಕ್ಸು, ಎರಡು ಫೋಟೋ ತಂದುಕೊಟ್ಟರು. ಫೋಟೋ ಮದುವೆ ಸೀರೆಯದ್ದು. ಬ್ಯಾಗಿನ ಮುಂದಿನ ಜಿಪ್ಪಿನಲ್ಲಿ ಇಟ್ಟುಕೊಂಡೆ.

ಇದಕ್ಕೆ ಬೇಕಾದದ್ದು ಫಾರಂ 8. ಹೊಸಬರ ಹೆಸರು ಸೇರಿಸೋಕೆ ಫಾರಂ 6, ತೆಗೆಸೋಕೆ ಫಾರಂ 7, ವಿಳಾಸ ಬದಲಾದರೆ ಅಥವಾ ತಪ್ಪು ತಿದ್ದಬೇಕಾದರೆ ಫಾರಂ 8. ನಮ್ಮ ಬೂತಿನ ಬಿ.ಎಲ್.ಒ., ಅಂದರೆ ಬೂತಿನ ವೋಟರ್ ಲಿಸ್ಟ್ ನೋಡಿಕೊಳ್ಳುವ ಅಧಿಕಾರಿ, ಅಂಗನವಾಡಿ ಟೀಚರ್, ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಅಷ್ಟೂ ಬೇಡ ಅಂದರೆ ಮೊಬೈಲ್ ಆ್ಯಪಿನಲ್ಲೇ ಮಾಡಬಹುದಿತ್ತು. ನಾಳೆ ಮಾಡೋಣ ಅಂದುಕೊಂಡೆ. ನಾಳೆ ರ‍್ಯಾಲಿ ಇತ್ತು. ನಾಡಿದ್ದು ತಾಲ್ಲೂಕಿಗೆ ದೊಡ್ಡ ನಾಯಕರು ಬಂದರು. ಈ ಅರ್ಜಿಗಳಿಗೆ ಒಂದು ಗಡುವು ಇದೆ. ನಾಮಪತ್ರ ಸಲ್ಲಿಸುವ ಕೊನೆಯ ದಿನಕ್ಕೆ ಸುಮಾರು ಹತ್ತು ದಿನ ಮೊದಲೇ ಬಾಗಿಲು ಹಾಕಿಬಿಡುತ್ತಾರೆ. ಆಮೇಲೆ ಕೊಟ್ಟರೆ ಆ ಚುನಾವಣೆಗೆ ಹೆಸರು ಬರುವುದಿಲ್ಲ. ಇದು ನನಗೆ ಗೊತ್ತಿತ್ತು. ಟ್ರೈನಿಂಗಿನಲ್ಲಿ ಹೇಳಿದ್ದರು, ನೋಟ್ಸಿನಲ್ಲಿ ಬರೆದುಕೊಂಡೂ ಇದ್ದೆ. ಮರೆತೆ.

ಮೇ 10, ಮತದಾನ. ನನ್ನನ್ನು ಪೋಲಿಂಗ್ ಏಜೆಂಟ್ ಮಾಡಿದ್ದರು, ಅಂದರೆ ಬೂತಿನೊಳಗೆ ಪಕ್ಷದ ಪರವಾಗಿ ಕೂತು ನೋಡುವವನು. ಮತದಾನ ಶುರುವಾಗುವುದು ಏಳಕ್ಕಾದರೂ ಅಣಕು ಮತದಾನಕ್ಕೆ ಒಂದೂವರೆ ಗಂಟೆ ಮೊದಲೇ ಇರಬೇಕು. ಬೆಳಗ್ಗೆ ಐದೂಕಾಲಿಗೆ ನಮ್ಮ ಸ್ಕೂಲಿಗೆ ಹೋದೆ. ನಾನು ಮೂರನೇ ಕ್ಲಾಸು ಓದಿದ ರೂಮೇ ಬೂತ್. ಕನಿಷ್ಠ 50 ವೋಟು ಒತ್ತಿ, ಕ್ಲೋಸ್ ಮಾಡಿ, ರಿಸಲ್ಟ್ ನೋಡಿ, ಯಾರಿಗೆ ವೋಟು ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಚೀಟಿ ಎಣಿಸಿ ತಾಳೆ ಹಾಕಿ, ಎಲ್ಲ ಅಳಿಸಿ, ಸೀಲ್ ಮೇಲೆ ನಮ್ಮ ಸಹಿ ಹಾಕಿಸುತ್ತಾರೆ. ಮೆಷಿನ್ ಬಗ್ಗೆ ಮಾತಾಡುವವರೆಲ್ಲ ಒಂದು ಸಲ ಏಜೆಂಟ್ ಆಗಿ ಕೂತು ಬರಬೇಕು ಅಂತ ನನಗೆ ಈಗಲೂ ಅನಿಸುತ್ತದೆ. ಅನುಮಾನ ಇದ್ದರೂ ಯಾವ ಜಾಗದಲ್ಲಿ ಏನು ಕೇಳಬೇಕು ಅನ್ನೋದಾದರೂ ಗೊತ್ತಾಗುತ್ತದೆ.

ನನ್ನ ಪಕ್ಕ ಎದುರು ಪಕ್ಷದ ಏಜೆಂಟ್. ಅರವತ್ತರ ಹತ್ತಿರ ವಯಸ್ಸು, ನಮ್ಮೂರಿನವರೇ, ಕೊಬ್ಬರಿ ವ್ಯಾಪಾರ. ಅವರನ್ನು ನಾನು ಚಿಕ್ಕಂದಿನಿಂದ ದೊಡ್ಡಪ್ಪ ಅಂತಲೇ ಕರೆಯುವುದು. ಹಿಂದಿನ ವಾರ ಅವರ ಮನೆ ಮುಂದೆಯೇ ಬೈಕ್ ನಿಲ್ಲಿಸಿ ಹಾರ್ನ್ ಬಾರಿಸಿದ್ದೆ. ಅವರು ಅದನ್ನು ನೆನಪೂ ಮಾಡಲಿಲ್ಲ. ‘ತಿಂಡಿ ಆಯ್ತೇನ್ಲಾ?’ ಅಂತ ಕೇಳಿ ಬಾಕ್ಸ್ ತೆಗೆದು ಚಿತ್ರಾನ್ನದಲ್ಲಿ ಅರ್ಧ ನನಗೆ ಕೊಟ್ಟರು.

ಅವರ ಲಿಸ್ಟ್ ನೋಡಿ ನನಗೆ ನಾಚಿಕೆಯಾಯಿತು. ನನ್ನದು ಗರಿಗರಿ ಜೆರಾಕ್ಸ್, ಮೊದಲ ಎರಡು ಪುಟದಲ್ಲಿ ಮಾತ್ರ ಟಿಕ್. ಅವರದ್ದು ಮೂಲೆ ಮಡಚಿ ಎಣ್ಣೆ ಹತ್ತಿದ ಹಾಳೆ. ಒಂದೊಂದು ಹೆಸರಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಏನೋ ಒಂದು ಬರಹ. ‘ಪೀಣ್ಯ, ರಾತ್ರಿ ಬಸ್ಸು’. ‘ಬಾಣಂತಿ, ತವರು’. ‘ಕಣ್ಣು ಆಪರೇಷನ್, ಮಗ ಕರ್ಕೊಂಡ್ ಬರ್ತಾನೆ’. ‘ಮಾತಾಡಲ್ಲ, ಆದ್ರೂ ಕೇಳು’. ಪೋಲಿಂಗ್ ಆಫೀಸರ್ ಕ್ರಮ ಸಂಖ್ಯೆ, ಹೆಸರು ಕೂಗುತ್ತಿದ್ದರು. ನಾನು ಪುಟ ತಿರುಗಿಸಿ ಹುಡುಕುವಷ್ಟರಲ್ಲಿ ಅವರದ್ದು ಗೆರೆ ಎಳೆದು ಆಗಿರುತ್ತಿತ್ತು.

‘ಇದೆಲ್ಲ ಯಾವಾಗ ಬರ್ಕೊಂಡ್ರಿ ದೊಡ್ಡಪ್ಪ?’ ಅಂದೆ. ‘ಪಂಚಾಯ್ತಿ ಎಲೆಕ್ಷನ್ ಮಾಡಿದೋರಿಗೆ ಬರ್ಕೊಳ್ದೆ ಆಗಲ್ಲ’ ಅಂದರು. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ಅವರು ತಮ್ಮ ಕಡೆಯವರಿಗೆ ಓಡಾಡಿದ್ದರು. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ನಾಯಕರ ಹೆಸರು ಹೇಳಿ ವೋಟು ಕೇಳುವ ಹಾಗಿಲ್ಲ. ಐದು ವೋಟಿನಲ್ಲಿ ಗೆಲ್ಲುವುದು, ಐದು ವೋಟಿನಲ್ಲಿ ಸೋಲುವುದು. ಅಲ್ಲಿ ಓಡಾಡಿದವರಿಗೆ ಪ್ರತಿ ಮನೆಯ ಕಷ್ಟ ಸುಖ ಗೊತ್ತಿರಲೇಬೇಕು. ನಾನು ನೇರ ವಿಧಾನಸಭೆಗೆ ಹಾರಿದ್ದೆ.

ಹನ್ನೊಂದು ಗಂಟೆ ಹೊತ್ತಿಗೆ ಆ ಸೊಸೆ ಒಳಗೆ ಬಂದರು. ಕೈಯಲ್ಲಿ ಕಡೂರಿನ ವೋಟರ್ ಐಡಿ. ಆಫೀಸರ್ ಲಿಸ್ಟಿನಲ್ಲಿ ಹುಡುಕಿದರು, ಕೊನೆಯ ಪುಟದಲ್ಲಿ ಸೇರ್ಪಡೆ ಪಟ್ಟಿಯನ್ನೂ ನೋಡಿದರು. ‘ಕಾರ್ಡ್ ಇದ್ರೆ ಸಾಲ್ದಮ್ಮಾ, ಲಿಸ್ಟಲ್ಲಿ ಹೆಸರು ಇರ್ಬೇಕು’ ಅಂದರು. ಆಕೆ ಏನೂ ಮಾತಾಡಲಿಲ್ಲ. ತಿರುಗಿ ನನ್ನ ಮುಖ ನೋಡಿದರು. ನಾನು ಲಿಸ್ಟ್ ನೋಡಿದೆ. ದೊಡ್ಡಪ್ಪ ಇಬ್ಬರನ್ನೂ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು ಅಂತ ನನಗೆ ಗೊತ್ತಾಯಿತು.

ಮಧ್ಯಾಹ್ನ ಇನ್ನೊಬ್ಬ ಹುಡುಗನನ್ನು ಕೂರಿಸಿ ಹೊರಗೆ ಬಂದೆ. ಇನ್ನೂರು ಮೀಟರ್ ಆಚೆ ಹುಣಸೆ ಮರದ ಕೆಳಗೆ ನಮ್ಮ ಟೇಬಲ್ ಇತ್ತು. ಅತ್ತೆ ಅಲ್ಲೇ ಕಾಯುತ್ತಾ ನಿಂತಿದ್ದರು. ಬೈಯ್ಯಲಿಲ್ಲ, ಕೂಗಾಡಲಿಲ್ಲ.

‘ಒಂದ್ ಹಾಳೆ ಕೊಟ್ಟು ಬರೋಕ್ ಆಗ್ಲಿಲ್ಲ ನಿನ್ಗೆ. ನಿಮ್ಮೋರು ನಮ್ ಕೆರೆಗೆ ಹೇಮಾವತಿ ನೀರು ತರ್ತಾರಾ?’

ಟೇಬಲ್ ಸುತ್ತ ಏಳೆಂಟು ಜನ ಇದ್ದರು. ಯಾರೋ ಒಬ್ಬ ನಕ್ಕ. ನಮ್ಮ ಪ್ರಣಾಳಿಕೆ, ಭಾಷಣ, ವಾಟ್ಸಾಪ್ ಗ್ರೂಪಿನಲ್ಲಿ ದಿನಕ್ಕೆ ನಾಲ್ಕು ಸಲ ಹಾಕುತ್ತಿದ್ದ ವಿಡಿಯೋ, ಯಾವುದರಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಆ ಮನೆಯಲ್ಲಿ ನಾಲ್ಕು ವೋಟು. ಬೀದಿಯಲ್ಲಿ ಅವರ ಮಾತು ಕೇಳುವ ಮನೆ ಇನ್ನೂ ನಾಲ್ಕೈದು. ಲೆಕ್ಕ ನೀವೇ ಹಾಕಿ.

ಸಂಜೆ ಆರಕ್ಕೆ ಮತದಾನ ಮುಗಿಯಿತು. ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಕೊಟ್ಟು ಅವರದ್ದೂ ಹಾಕಿಸಿದರು. ನಾನು ಸುಸ್ತಾಗಿ ಹೊರಡೋಕೆ ಎದ್ದೆ. ದೊಡ್ಡಪ್ಪ ತೋಳು ಹಿಡಿದು ಕೂರಿಸಿದರು. ‘ಹದಿನೇಳು ಸಿ ಇಸ್ಕೊಳ್ದೆ ಎಲ್ಲಿಗ್ ಹೋಗ್ತೀಯ?’ ಒಟ್ಟು ಎಷ್ಟು ಮತ ಬಿದ್ದಿದೆ ಅಂತ ಬರೆದು ಅಧಿಕಾರಿ ಸಹಿ ಹಾಕಿ ಕೊಡುವ ಫಾರಂ ಅದು. ಎಣಿಕೆ ದಿನ ಮೆಷಿನ್ ತೋರಿಸುವ ಸಂಖ್ಯೆಯನ್ನು ಇದರ ಜೊತೆ ತಾಳೆ ನೋಡಬೇಕು. ಎದುರು ಪಕ್ಷದವರು ನನಗೆ ಇದನ್ನು ನೆನಪಿಸಬೇಕಾಯಿತು. ಇಸ್ಕೊಂಡೆ.

ಮೇ 13ಕ್ಕೆ ಎಣಿಕೆ. ನಾನು 150 ಲೀಡ್ ಬರೆಸಿದ್ದ ಬೂತಲ್ಲಿ ನಾವು 9 ಮತ ಹಿಂದೆ ಬಿದ್ದಿದ್ದೆವು. ಅದು ನನ್ನೊಬ್ಬನಿಂದ ಆಯಿತು ಅಂತ ಹೇಳಿದರೆ ಅದೂ ಜಂಬವೇ. ಗಾಳಿ, ಜಾತಿ, ಬೆಲೆ, ಮತದಾನದ ಹಿಂದಿನ ರಾತ್ರಿ ದುಡ್ಡು ಹಂಚುವ ‘ಕತ್ತಲ ರಾತ್ರಿ’ಯ ವ್ಯವಹಾರ, ಎಲ್ಲ ಇರುತ್ತದೆ. ಕತ್ತಲ ರಾತ್ರಿಯಲ್ಲಿ ಎಲ್ಲ ಕಡೆಯವರೂ ಏನೇನು ಮಾಡುತ್ತಾರೆ ಅನ್ನೋದು ಊರಿಗೆ ಗೊತ್ತು, ನಾನು ಅದರಲ್ಲಿ ಇರಲಿಲ್ಲ. ಆದರೂ ಆ 9 ಅನ್ನುವ ಅಂಕಿ ನನ್ನ ತಲೆಯಿಂದ ಹೋಗಲಿಲ್ಲ. ಬ್ಯಾಗ್ ತೊಳೆಯೋಣ ಅಂತ ಮುಂದಿನ ಜಿಪ್ಪು ತೆಗೆದರೆ ಮದುವೆ ಸೀರೆಯ ಆ ಎರಡು ಫೋಟೋ ಹಾಗೇ ಇದ್ದವು, ಒಂದಕ್ಕೊಂದು ಅಂಟಿಕೊಂಡು.

ಆಮೇಲೆ ಒಂದು ನೋಟ್‌ಬುಕ್ ತಂದೆ. ಬೀದಿ ಪ್ರಕಾರ, ಮನೆ ಪ್ರಕಾರ. ಚುನಾವಣೆ ಇಲ್ಲದಾಗಲೇ ಬರೆಯಬೇಕು, ಆಗ ಜನ ನಿಜ ಹೇಳುತ್ತಾರೆ. ಶಾಲು ಹಾಕಿಕೊಂಡು ಹೋಗಬಾರದು. ಹದಿನೆಂಟು ತುಂಬುವ ಮಕ್ಕಳ ಹುಟ್ಟಿದ ದಿನ ಬರೆದುಕೊಳ್ಳುತ್ತೇನೆ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಇವೆ, ಆ ದಿನಕ್ಕೆ ಹದಿನೆಂಟು ತುಂಬಿದವರ ಹೆಸರು ಸೇರಿಸಬಹುದು. ಮಾಡಿಸ್ತೀನಿ ಅಂತ ಬಾಯಲ್ಲಿ ಹೇಳುವ ಮೊದಲು ಅಲ್ಲೇ ನಿಂತು ಮೊಬೈಲ್ ತೆಗೆದು ತುಂಬಿಬಿಡುತ್ತೇನೆ. ಯಾರಿಗೆ ವೋಟು ಹಾಕುವವರು ಅಂತ ನೋಡಿ ಫಾರಂ ತುಂಬುವುದಿಲ್ಲ. ಇದಕ್ಕೆ ನಮ್ಮ ಅಣ್ಣ ಒಂದು ಸಲ ಗೊಣಗಿದರು. ಗೊಣಗಲಿ.

ಆ ಮನೆಗೆ ಹೋಗೋಕೆ ನನಗೆ ಎರಡು ತಿಂಗಳು ಬೇಕಾಯಿತು. ಫಾರಂ 8 ತುಂಬಿದೆ. ಬಿ.ಎಲ್.ಒ. ಮೇಡಂ ಬಂದು ನೋಡಿ ಹೋದರು. ಕಾರ್ಡ್ ಅಂಚೆಯಲ್ಲಿ ಬಂದಾಗ ಸೊಸೆ ಫೋನ್ ಮಾಡಿ, ‘ಬಂತಣ್ಣ, ಫೋಟೋ ಮಾತ್ರ ಚೆನ್ನಾಗಿಲ್ಲ’ ಅಂದರು.

2024ರ ಏಪ್ರಿಲ್ 26, ಲೋಕಸಭೆ ಮತದಾನ. ಹುಣಸೆ ಮರದ ಕೆಳಗೆ ಟೇಬಲ್ ಹಾಕಿಕೊಂಡು ಕೂತಿದ್ದೆ. ಅತ್ತೆ ಸೊಸೆ ಇಬ್ಬರೂ ವೋಟು ಹಾಕಿ ಬಂದರು, ಬೆರಳಿಗೆ ಶಾಯಿ. ಯಾರಿಗೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅತ್ತೆ ನೆರಳಿನಲ್ಲಿ ಒಂದು ನಿಮಿಷ ನಿಂತು, ‘ಕಾಯಿ ಸುಲಿಯೋಕೆ ಆಳು ಸಿಗ್ತಿಲ್ಲ ಕಣಪ್ಪ. ನಿನ್ ಪುಸ್ತಕದಲ್ಲಿ ಯಾರಾದ್ರೂ ಇದ್ರೆ ನೋಡು’ ಅಂದರು.