ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೆ: ಟಿಕೆಟ್‌ನಲ್ಲಿ ಇಪ್ಪತ್ತು ನಿಮಿಷ, ಬಾಗಿಲಿಂದ ಬಾಗಿಲಿಗೆ ಐದು ಗಂಟೆ

ಮ್ಯಾಡ್ರಿಡ್ ಬಿಡುವುದು 10.05ಕ್ಕೆ, ಲಿಸ್ಬನ್ ತಲುಪುವುದು 10.25ಕ್ಕೆ. ನಮ್ಮ ವಿಮಾನ ಟಿಕೆಟ್‌ನಲ್ಲಿ ಇದ್ದದ್ದು ಹೀಗೆ. ಪೋರ್ಚುಗಲ್ ಗಡಿಯಾರ ಸ್ಪೇನ್‌ಗಿಂತ ವರ್ಷವಿಡೀ ಒಂದು ಗಂಟೆ ಹಿಂದೆ, ಅಷ್ಟೇ ವಿಷಯ. ನಿಜವಾದ ಲೆಕ್ಕ ಸುಮಾರು 1 ಗಂಟೆ 20 ನಿಮಿಷ. ವಾಪಸ್ ಬರುವಾಗ ಇದೇ ಉಲ್ಟಾ ಆಗಿ ಎರಡೂ ಕಾಲು ಗಂಟೆಯ ಹಾಗೆ ಕಾಣುತ್ತದೆ. ಸಂಜೆಯ ವಿಮಾನ ಹಿಡಿದರೆ ಮ್ಯಾಡ್ರಿಡ್‌ನಲ್ಲಿ ರಾತ್ರಿಯಾಗಿರುತ್ತದೆ, ನೆನಪಿರಲಿ.

ಆಕಾಶಮಾರ್ಗದಲ್ಲಿ ದೂರ ಸುಮಾರು 500 ಕಿ.ಮೀ. ಹೆಚ್ಚು ಕಡಿಮೆ ನಮ್ಮ ಬೆಂಗಳೂರು–ಹೈದರಾಬಾದ್ ಅಷ್ಟೇ. ರಸ್ತೆಯಲ್ಲಿ 600 ಕಿ.ಮೀ. ದಾಟುತ್ತದೆ.

ಯೂರೋಪ್ ಅಂದರೆ ರೈಲು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಇಲ್ಲಿ ಆ ಮಾತು ನಡೆಯಲ್ಲ. ಎರಡು ರಾಜಧಾನಿಗಳ ನಡುವೆ ಓಡುತ್ತಿದ್ದ ಲುಸಿಟಾನಿಯಾ ರಾತ್ರಿ ರೈಲು 2020ರಲ್ಲಿ ಕೋವಿಡ್ ಬಂದಾಗ ನಿಂತಿದ್ದು, ಮತ್ತೆ ಶುರುವಾಗಲಿಲ್ಲ. ಸ್ಪೇನ್ ಗಡಿಯ ಬಡಾಹೋಸ್‌ನಲ್ಲಿ ಇಳಿದು ಹತ್ತಿ, ಮುಂದೆ ಪೋರ್ಚುಗಲ್‌ನ ಎಂಟ್ರೊಂಕಮೆಂಟೊ ಜಂಕ್ಷನ್‌ನಲ್ಲಿ ಮತ್ತೆ ಇಳಿದು ಹತ್ತಿ ಹೋಗುವಷ್ಟರಲ್ಲಿ ಇಡೀ ದಿನ ಮುಗಿಯುತ್ತದೆ. ರೈಲಿನ ಹುಚ್ಚು ಇದ್ದವರಿಗೆ ಮಾತ್ರ ಸರಿ. ಅದಕ್ಕಿಂತ ರಾತ್ರಿ ಬಸ್ಸೇ ವಾಸಿ: ಎಂಟು-ಒಂಬತ್ತು ಗಂಟೆ ಹಿಡಿದರೂ ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯುತ್ತದೆ.

ನಾವು ವಿಮಾನವನ್ನೇ ಹಿಡಿದೆವು. ಮ್ಯಾಡ್ರಿಡ್ ನಡುವಿನ ಸೋಲ್ ಚೌಕದ ಹತ್ತಿರದ ರೂಮಿನಿಂದ ಏಳೂವರೆಗೆ ಹೊರಟೆವು. ಮ್ಯಾಡ್ರಿಡ್‌ನ ಬರಾಹಾಸ್ ವಿಮಾನ ನಿಲ್ದಾಣದಲ್ಲಿ ಮೊದಲು ನೋಡಬೇಕಾದ್ದು ಟರ್ಮಿನಲ್ ನಂಬರ್. ಸ್ಪೇನ್‌ನ ಐಬೀರಿಯಾ ಕಂಪನಿಯ ವಿಮಾನಗಳು ಟರ್ಮಿನಲ್ 4ರಿಂದ. ಅದು 1, 2, 3ರಿಂದ ತುಂಬಾ ದೂರ, ಮೆಟ್ರೊ ಸ್ಟೇಷನ್ನೇ ಬೇರೆ. ನಡೆದು ಹೋಗುವ ಮಾತೇ ಇಲ್ಲ, ಉಚಿತ ಬಸ್ ಕಾಯಬೇಕು. ಏರ್‌ಪೋರ್ಟ್ ಮೆಟ್ರೊ ಟಿಕೆಟ್‌ಗೆ 3 ಯೂರೊ ಜಾಸ್ತಿ. ಲಗೇಜ್ ಇದ್ದರೆ ಅಟೋಚಾ ರೈಲು ನಿಲ್ದಾಣದಿಂದ ಹೊರಡುವ ಹಳದಿ ಬಸ್ ಆರಾಮ.

ಎರಡೂ ಶೆಂಗೆನ್ (ಒಳಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆ ಬಿಟ್ಟ ಯೂರೋಪಿನ ಗುಂಪು) ದೇಶಗಳಾದ್ದರಿಂದ ಇಮಿಗ್ರೇಷನ್ ಸಾಲು ಇಲ್ಲ. ಹಾಗಂತ ಪಾಸ್‌ಪೋರ್ಟನ್ನು ಸೂಟ್‌ಕೇಸ್ ಒಳಗೆ ಹಾಕಿ ಕಳಿಸಬೇಡಿ. ವಿಮಾನ ಹತ್ತುವಾಗ ನಮ್ಮದನ್ನು ಕೇಳಿದರು, ವೀಸಾ ಪುಟವನ್ನೂ ತಿರುಗಿಸಿ ನೋಡಿದರು.

ಕಿಟಕಿ ಸೀಟು ಸಿಕ್ಕರೆ ಬಿಡಬೇಡಿ. ವಿಮಾನ ದಕ್ಷಿಣದಿಂದ ಇಳಿದರೆ ಟೇಗಸ್ ನದಿ, ‘ಏಪ್ರಿಲ್ 25’ ಅನ್ನುವ ಹೆಸರಿನ ಕೆಂಪು ಸೇತುವೆ, ಆಮೇಲೆ ಹಂಚಿನ ಮನೆಗಳ ಮೇಲೇ ಹಾರಿ ಬಂದು ಇಳಿಯುತ್ತದೆ. ಒಣಗಲು ಹಾಕಿದ ಬಟ್ಟೆ ಕಾಣುವಷ್ಟು ಕೆಳಗೆ! ನಿಲ್ದಾಣ ಊರೊಳಗೇ ಇರುವುದು ನಮಗೆ ಲಾಭ. ಕೆಂಪು ಮೆಟ್ರೊ ಹತ್ತಿ, ಅಲಮೇಡಾದಲ್ಲಿ ಹಸಿರು ಲೈನ್‌ಗೆ ಬದಲಾಯಿಸಿದರೆ ಊರ ನಡುವಿನ ರೊಸಿಯೊ. ರೂಮ್ ಸೇರಿದಾಗ ಅಲ್ಲಿಯ ಗಡಿಯಾರದಲ್ಲಿ ಹನ್ನೊಂದೂವರೆ, ಮ್ಯಾಡ್ರಿಡ್ ಗಡಿಯಾರದಲ್ಲಿ ಹನ್ನೆರಡೂವರೆ, ಅಂದರೆ ಒಟ್ಟು ಐದು ಗಂಟೆ.

ಲಿಸ್ಬನ್‌ನಿಂದ ವಾಪಸ್ ಕಡಿಮೆ ದರದ ವಿಮಾನ ಬುಕ್ ಮಾಡಿದ್ದರೆ, ಅದು ಟರ್ಮಿನಲ್ 2ರಿಂದ ಹೊರಡುತ್ತದಾ ನೋಡಿಕೊಳ್ಳಿ. ಮೆಟ್ರೊ ಬರುವುದು 1ಕ್ಕೆ ಮಾತ್ರ. ಅಲ್ಲಿಂದ ಉಚಿತ ಬಸ್ ಇದೆ, ಅದಕ್ಕೆ ಇನ್ನೊಂದು ಇಪ್ಪತ್ತು ನಿಮಿಷ ಕೈಯಲ್ಲಿ ಇಟ್ಟುಕೊಂಡೇ ರೂಮ್ ಬಿಡಿ.