ಖಣದಲ್ಲಿ ಕಟ್ಟಿದ ಆಯೇರಿ

ನವೆಂಬರ್ 24, 2024, ಭಾನುವಾರ
ನವನಗರ, ಬಾಗಲಕೋಟೆ

ತುಳಸಿ ಲಗ್ನ ಮುಗಿದದ್ದೇ ತಡ, ಕರೆಯಲು ಬರುವವರ ಸಾಲು ಹತ್ತಿದೆ. ನಾಳೆ ಕಾಕಾನ ಸೊಸೆಯ ಕುಬಸ, ಅಂದರೆ ಸೀಮಂತ. ಬುಧವಾರ ಹಿಂದಿನ ಓಣಿಯಲ್ಲಿ ತೊಟ್ಟಿಲು. ಶುಕ್ರವಾರ ಹುನಗುಂದದಲ್ಲಿ ಮದುವೆ. ಆಯೇರಿ, ಅಂದರೆ ಉಡುಗೊರೆ ಕೊಡುವ ಸಾಮಾನೆಲ್ಲ ತಂದಿಟ್ಟಾಗಿದೆ. ಇವತ್ತು ಮಧ್ಯಾಹ್ನ ಊಟ ಮುಗಿಸಿ ಅತ್ತೆ, ಮಗಳು, ನಾನು ಕಟ್ಟುವ ಕೆಲಸಕ್ಕೆ ಕೂತೆವು.

ಜಿಗಿಜಿಗಿ ಕಾಗದ ತರುವುದನ್ನು ನಮ್ಮ ಮನೆಯಲ್ಲಿ ಬಿಟ್ಟಿದ್ದೇವೆ. ಮದುವೆ ಮರುದಿನ ಯಾರ ಮನೆ ಅಂಗಳಕ್ಕಾದರೂ ಹೋಗಿ ನೋಡಿ. ಆಯೇರಿ ಬಿಚ್ಚಿದ ಕಾಗದ, ಟೇಪು, ರಿಬ್ಬನ್ನು ಎಲ್ಲ ಸೇರಿ ಒಂದು ಗುಡ್ಡೆ. ರದ್ದಿಯವನು ಹಳೆ ಪೇಪರನ್ನು ತೂಕ ಹಾಕಿ ಒಯ್ಯುತ್ತಾನೆ, ಇದನ್ನು ಮುಟ್ಟುವುದಿಲ್ಲ. ಅದರಲ್ಲಿ ಕೆಲವು ಪೂರ್ತಿ ಪ್ಲಾಸ್ಟಿಕ್ ಹಾಳೆ, ಮೇಲೆ ಅಲ್ಯೂಮಿನಿಯಂ ಹೊಳಪು. ಇನ್ನು ಕೆಲವು ಕಾಗದಕ್ಕೆ ಪ್ಲಾಸ್ಟಿಕ್ ಪದರ ಅಂಟಿಸಿದವು. ಎರಡನ್ನೂ ಬೇರೆ ಮಾಡೋಕಾಗಲ್ಲ. ಕೊನೆಗೆ ಯಾರೋ ಕಡ್ಡಿ ಗೀರಿ ಸುಡುತ್ತಾರೆ. ಕೂಸು, ಬಾಣಂತಿ ಇರುವ ಮನೆಯ ಮುಂದೆಯೇ ಆ ಹೊಗೆ ಏಳುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅಂಗಡಿಯಲ್ಲಿ ಯಾವುದು ಕಾಗದ, ಯಾವುದಲ್ಲ ಅಂತ ತಿಳಿಯಲು ಸುಲಭ ದಾರಿ ಇದೆ. ಒಂದು ತುಂಡನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಮುದುಡಿ ಬಿಡಿ. ಉಂಡೆಯಾಗಿ ಹಾಗೇ ಉಳಿದರೆ ಕಾಗದ. ತಾನೇ ಮೆಲ್ಲಗೆ ಅರಳಿದರೆ ಅದರಲ್ಲಿ ಪ್ಲಾಸ್ಟಿಕ್ ಇದೆ.

ನಾಳಿನ ಕುಬಸಕ್ಕೆ ಅಮೀನಗಡದ ಕರದಂಟು. ಅದರ ರಟ್ಟಿನ ಡಬ್ಬಿ ಬಿಟ್ಟು ಸ್ಟೀಲ್ ಡಬ್ಬಿಗೆ ಹಾಕಿದೆವು. ಸಿಹಿ ಡಬ್ಬಿಗೆ, ಆಮಂತ್ರಣ ಪತ್ರಿಕೆಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಾಗಿದೆ. ಕಪ್ಪು ಕ್ಯಾರಿಬ್ಯಾಗು ಎಲ್ಲರಿಗೂ ನೆನಪಿರುತ್ತದೆ, ಈ ಹಾಳೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಸ್ಟೀಲ್ ಡಬ್ಬಿಯಾದರೆ ತುಪ್ಪದ ಜಿಡ್ಡೂ ಹೊರಗೆ ಬರಲ್ಲ, ಬಟ್ಟೆಗೆ ಕಲೆ ಆಗಲ್ಲ.

ಆ ಡಬ್ಬಿಗೆ ಸುತ್ತಿದ್ದು ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ಉಡಿ ತುಂಬಲು ಹೇಗೂ ಖಣ ಕೊಡಲೇಬೇಕು. ಅದನ್ನೇ ಹೊದಿಕೆ ಮಾಡಿದರೆ ಬೇರೆ ಕಾಗದ ಯಾಕೆ ಬೇಕು? ಕಟ್ಟಿದ್ದು ಅತ್ತೆ. ಖಣವನ್ನು ಚಾಪೆ ಮೇಲೆ ಉಲ್ಟಾ ಹಾಸಿದರು, ಡಬ್ಬಿ ನಡುವೆ ಇಟ್ಟರು. ಅಂಚು ಮೇಲೆ ಬರುವ ಹಾಗೆ ಎರಡೂ ಬದಿ ಮಡಚಿದರು. ಉಳಿದ ಎರಡು ತುದಿಗಳನ್ನು ಎತ್ತಿ, ನೆರಿಗೆ ಹಿಡಿದು ನೆತ್ತಿಯ ಮೇಲೆ ಗಂಟು ಹಾಕಿದರು. ಹೊಲಕ್ಕೆ ರೊಟ್ಟಿ ಬುತ್ತಿ ಕಟ್ಟಿದ ಕೈ ಅದು, ಒಮ್ಮೆಯೂ ತಡವರಿಸಲಿಲ್ಲ. ಮಗಳು ಅಂದಕ್ಕೆ ಅಂತ ಒಂದು ಪಿನ್ನು ತಂದಳು. "ಪಿನ್ ಚುಚ್ಚಬ್ಯಾಡವ್ವಾ, ಎಳಿ ಹರಿತೈತಿ. ನಾಳಿ ಆಕಿ ಹೊಲಿಸ್ಕೋಬೇಕಲ್ಲ?" ಅಂದರು ಅತ್ತೆ. ಹೌದು, ಅದೇ ಮುಖ್ಯ. ಕತ್ತರಿ, ಟೇಪು, ಪಿನ್ನು ಯಾವುದೂ ತಾಗಬಾರದು. ಬಿಚ್ಚಿದ ಮೇಲೂ ಖಣ ಖಣವಾಗಿಯೇ ಇರಬೇಕು, ಸೀದಾ ದರ್ಜಿ ಹತ್ತಿರ ಹೋಗಬೇಕು.

ಗಂಟಿನ ವಿಷಯ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಕೆಡುವುದು ಅಲ್ಲೇ. ಮೊದಲು ಬಲಗಡೆ ತುದಿಯನ್ನು ಎಡಗಡೆಯದರ ಮೇಲೆ ತಂದು ಒಳಗೆ ತೂರಿಸಿ ಎಳೆಯಬೇಕು. ಎರಡನೇ ಸಲ ಎಡಗಡೆಯದನ್ನು ಬಲಗಡೆಯದರ ಮೇಲೆ. ಆಗ ಗಂಟು ಚಪ್ಪಟೆಯಾಗಿ ಕೂರುತ್ತದೆ, ಎರಡು ಕಿವಿಗಳು ಅಕ್ಕಪಕ್ಕ ಸರಿಯಾಗಿ ಚಾಚುತ್ತವೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಕಿವಿಗಳು ಮೇಲೆ ಕೆಳಗೆ ತಿರುಗಿ ನಿಲ್ಲುತ್ತವೆ, ಗಂಟು ಜಾರುತ್ತದೆ. ಸರಿಯಾದ ಗಂಟನ್ನು ಬಿಚ್ಚುವುದೂ ಸುಲಭ. ಒಂದು ತುದಿ ಹಿಡಿದು ಹಿಂದಕ್ಕೆ ನೇರ ಎಳೆದರೆ ಇನ್ನೊಂದರ ಸುತ್ತ ಅದು ಸಡಿಲಾಗಿ ಜಾರಿ ಬರುತ್ತದೆ. ಉಗುರು ಹಾಕುವ ಕೆಲಸವೇ ಇಲ್ಲ.

ಜಪಾನಿನವರು ಚೌಕ ಬಟ್ಟೆಯಲ್ಲಿ ಇದೇ ಗಂಟು ಹಾಕುತ್ತಾರೆ. ಅದಕ್ಕೆ ಫುರೋಶಿಕಿ ಅಂತ ಹೆಸರು. ಬಟ್ಟೆಯ ಮೂಲೆಯಿಂದ ಮೂಲೆಗೆ ಅಳೆದರೆ ಸಾಮಾನಿನ ಉದ್ದದ ಮೂರು ಪಟ್ಟು ಇರಬೇಕು, ಆಗ ಗಂಟಿಗೆ ಸಾಕಷ್ಟು ತುದಿ ಉಳಿಯುತ್ತದೆ. ಪ್ಲಾಸ್ಟಿಕ್ ಚೀಲಗಳ ಹಾವಳಿಯಲ್ಲಿ ಈ ರೂಢಿ ಹಿಂದೆ ಬಿದ್ದಿತ್ತು. 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯಿಕೆ ಹಳೆ ಪ್ಲಾಸ್ಟಿಕ್ ಬಾಟಲಿಗಳ ನೂಲಿನಿಂದ ಒಂದು ಫುರೋಶಿಕಿ ಮಾಡಿಸಿ, ಮತ್ತೆ ಬಳಸಿ ಅಂತ ಜನರಿಗೆ ಕರೆ ಕೊಟ್ಟರು. ಅಲ್ಲಿ ಉಡುಗೊರೆ ಕೊಟ್ಟವರು ಬಟ್ಟೆಯನ್ನು ವಾಪಸ್ ಒಯ್ಯುವ ಪದ್ಧತಿಯೂ ಇದೆ. ನಮ್ಮಲ್ಲಿ ಬಟ್ಟೆ ವಾಪಸ್ ಕೇಳಿದರೆ ಮುಖ ಮುರಿಯುತ್ತಾರೆ. ಆದರೆ ಡಬ್ಬಿ ಮಾತ್ರ ತಾನಾಗೇ ಬರುತ್ತದೆ, ಅದೂ ಬರಿದಾಗಿ ಅಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸುತ್ತಾರೆ. ಎಷ್ಟು ಚೆಂದದ ರೂಢಿ ಅಲ್ವಾ?

ಬಟ್ಟೆ ಅಂದ ಕೂಡಲೇ ಎಲ್ಲವೂ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ವಧುವರರ ಹೆಸರು, ತಾರೀಖು ಅಚ್ಚು ಹಾಕಿಸಿದ ಚೀಲಗಳು ಪ್ರತಿ ಮನೆಯ ಕಪಾಟಿನಲ್ಲೂ ಬಿದ್ದಿವೆ. ಯಾರದೋ ಮದುವೆ ಹೆಸರು ಹೊತ್ತು ಸಂತೆಗೆ ಹೋಗಲು ಬಹಳ ಜನಕ್ಕೆ ಮನಸ್ಸಾಗಲ್ಲ. ಸುತ್ತುವುದಕ್ಕೆ ಅಂತಲೇ ಹೊಸ ಸ್ಯಾಟಿನ್ ತಂದರೂ ಅಷ್ಟೇ, ಅದರಿಂದ ಏನಾದರೂ ಹೊಲಿಸಿಕೊಳ್ಳುವವರು ಕಡಿಮೆ. ಹತ್ತಿ ಬೆಳೆಯಲು ನೀರು ಬೇಕು, ನೇಯಲು ಕೈ ಬೇಕು. ಪಡೆದವರಿಗೆ ಉಪಯೋಗವಿಲ್ಲದ ಬಟ್ಟೆಯಾದರೆ ಆ ನೀರು, ಆ ದುಡಿತ ಎರಡೂ ಹಾಳು. ಅದಕ್ಕೇ ನಾನು ಮೊದಲು ಯಾರಿಗೆ ಕೊಡುತ್ತೇವೆ ಅಂತ ನೋಡುತ್ತೇನೆ. ಹೊಲಿಸಿಕೊಳ್ಳುವವರಿಗೆ ಖಣ, ಹಾಸ್ಟೆಲ್ ಹುಡುಗರಿಗೆ ಟವೆಲ್ಲು, ಅಡುಗೆ ಮನೆಗೆ ರೊಟ್ಟಿ ಸುತ್ತುವ ಬಿಳಿ ವಸ್ತ್ರ.

ತೊಟ್ಟಿಲಿಗೆ ಅತ್ತೆ ತಮ್ಮ ಹಳೆಯ ಇಳಕಲ್ ಸೀರೆಗಳಿಂದ ಒಂದು ಸಣ್ಣ ಕೌದಿ ಹೊಲಿದಿದ್ದಾರೆ. ಅದಕ್ಕೆ ಹೊದಿಕೆಯೇ ಬೇಡ. ಸುರುಳಿ ಸುತ್ತಿ, ಸೀರೆಯ ಉಳಿದ ಅಂಚಿನ ಪಟ್ಟಿಯಿಂದ ಕಟ್ಟಿದರೆ ಮುಗಿಯಿತು. ಬುಧವಾರ ಬೆಳಿಗ್ಗೆ ಗಂಟಿನಲ್ಲಿ ಒಂದು ಸೇವಂತಿಗೆ ಸಿಕ್ಕಿಸುತ್ತೇವೆ.

ಹುನಗುಂದದ ಮದುವೆಗೆ ರೊಕ್ಕ ಹಾಕುವುದು, ಅದಕ್ಕೆ ಪಾಕೀಟು ಮಗಳದೇ. ಹೋದ ವರ್ಷದ ಕ್ಯಾಲೆಂಡರಿನ ಹಾಳೆ ದಪ್ಪ, ಹಿಂದಿನ ಬದಿ ಬೆಳ್ಳಗಿರುತ್ತದೆ. ಒಂದು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಕಾಸಿದಳು. ಬಿಳಿ ಬಣ್ಣ ಹೋಗಿ ಗಂಜಿಯಾದಾಗ ಅಂಟು ರೆಡಿ. ಮೇಲೆ ಹಳೆ ಲಗ್ನಪತ್ರಿಕೆಯಿಂದ ಕತ್ತರಿಸಿದ ಗಣಪತಿ. ಆ ಚಿತ್ರವನ್ನು ಕಸಕ್ಕೆ ಹಾಕಲು ಯಾರಿಗೂ ಮನಸ್ಸು ಬರಲ್ಲ, ಹೀಗೆ ಇನ್ನೊಂದು ಮದುವೆಗೆ ಹೋಗುತ್ತದೆ. ಒಂದು ರೂಪಾಯಿ ನಾಣ್ಯವನ್ನೂ ಅಂಟಿಸಿದ್ದಾಳೆ.

ಸಂಜೆ ಅಣ್ಣ ಫೋನ್ ಮಾಡಿದ್ದ. ಮದುವೆಗೆ ಮಿಕ್ಸರ್ ಕೊಡುತ್ತಾನಂತೆ, ಅಂಗಡಿಯವರೇ ಪ್ಯಾಕ್ ಮಾಡಿ ಕೊಡುತ್ತಾರಂತೆ. ಬೇಡ, ಡಬ್ಬಿ ಹಾಗೇ ತಗೊಂಡು ಬಾ ಅಂದೆ. ಅದಕ್ಕೆ ಖಣ ಸಾಲುವುದಿಲ್ಲ. ಟ್ರಂಕಿನಲ್ಲಿ ದೊಡ್ಡ ಕೈಮಗ್ಗದ ಹಾಸಿಗೆ ವಸ್ತ್ರ ಒಂದಿದೆ, ಇನ್ನೂ ಮಡಿಕೆ ಬಿಚ್ಚಿಲ್ಲ. ಹೊಸ ಸಂಸಾರಕ್ಕೆ ಅದೇ ಸರಿ. ಗುರುವಾರ ರಾತ್ರಿ ಅವನು ಬಂದ ಮೇಲೆ ಕಟ್ಟಬೇಕು.