ಸಣ್ಣ ಊರಿಗೂ ವಾರ್ಡ್ ಸಭೆ ಬೇಕು

ನಮ್ಮತ್ತೆ ಇವತ್ತು ಗ್ರಾಮಸಭೆಗೆ ಹೋಗಿ ಬಂದರು. ರಸ್ತೆ ದುಡ್ಡು ಏನಾಯಿತು ಅಂತ ಎದ್ದು ನಿಂತು ಕೇಳಿದರಂತೆ. ಖುಷಿಯಾಯಿತು. ತೀರ್ಥಹಳ್ಳಿ ಪೇಟೆಯಲ್ಲಿರುವ ನಮಗೆ ಹಾಗೆ ಕೇಳುವ ಜಾಗ ಎಲ್ಲಿದೆ?

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಅಂದರೆ ಪಟ್ಟಣ-ನಗರಗಳ ಆಡಳಿತದ ತಿದ್ದುಪಡಿ, ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆ ಮಾತ್ರ. ಶಿವಮೊಗ್ಗ ಅದರೊಳಗೆ ಬರುತ್ತದೆ. ಸಾಗರ, ಸೊರಬ, ಹೊಸನಗರ, ನಾವು, ಎಲ್ಲರೂ ಹೊರಗೆ. ಹಳ್ಳಿಗೆ ಸಭೆ ಇದೆ, ದೊಡ್ಡ ನಗರಕ್ಕೆ ಸಮಿತಿ ಇದೆ, ನಡುವಿನವರಿಗೆ ಏನೂ ಇಲ್ಲ. ಎಲ್ಲರಿಗೂ ಎಲ್ಲರ ಪರಿಚಯ ಇರುವ ಊರಲ್ಲಿ ಸಭೆ ಸೇರಿಸುವುದು ಇನ್ನೂ ಸುಲಭ ಅಲ್ವಾ?

ಇನ್ನೊಂದು, ನಮ್ಮಂಥ ಪಟ್ಟಣ ಪಂಚಾಯಿತಿಯ ಅಧ್ಯಕ್ಷರಿಗೆ ಸಿಗುವುದೇ 30 ತಿಂಗಳು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋದರೆ ಕುರ್ಚಿ ಖಾಲಿ, ಆಡಳಿತಾಧಿಕಾರಿಯದ್ದೇ ಕಾರುಬಾರು. ಗೆದ್ದ ಸದಸ್ಯರು ಸುಮ್ನೆ ಕೂರಬೇಕು. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಅಧ್ಯಕ್ಷರ ಅವಧಿ 5 ವರ್ಷ ಆಗಲಿ. ಬಜೆಟ್‌ಗೆ ಮುಂಚೆ ವಾರ್ಡಿಗೊಂದು ಸಭೆ ನಡೆಯಲಿ, ಶಾಲೆಯ ಅಂಗಳದಲ್ಲಾದರೂ ಸರಿ. ಮಲೆನಾಡಲ್ಲಿ ಚರಂಡಿ ಕೆಲಸ ಜೂನ್ ಮಳೆಗೆ ಮೊದಲೇ ಮುಗಿಯಬೇಕು. ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ ಅಂತ ಅಲ್ಲಿ ವಾಸ ಇರುವವರನ್ನೇ ಮೊದಲು ಕೇಳಲಿ.